ಕಾರಿನ ಹಳೇ ಜಿಪಿಎಸ್‌ಗೆ ಒಂದು ತಿಂಗಳ ರಿಪೇರಿ

"ಮೊಬೈಲ್ ಇದ್ದ ಮೇಲೆ ಇದ್ಯಾಕೆ?" ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲೂ ನಕ್ಷೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆ ನಡೆಯುತ್ತದೆ, ನನಗೂ ಗೊತ್ತು. ಆದರೆ ಈ ಡಬ್ಬಿಯಲ್ಲಿ ಅಪ್ಪಯ್ಯ 2011ರಿಂದ ಒಂದೊಂದಾಗಿ ಗುರುತು ಹಾಕಿಟ್ಟ 143 ಜಾಗಗಳಿವೆ. ನೆಂಟರ ಮನೆಗಳು, ಮಣ್ಣು ರಸ್ತೆಯ ಕತ್ತರಿಗಳು, ಮಳೆಗಾಲದಲ್ಲಿ ಕಾರು ದಾಟದ ಹಳ್ಳ, ಅಡಿಕೆ ಕೊಯ್ಯುವವರ ಮನೆ. ಶಿರಸಿ ಸುತ್ತಿನ ಕಾಡಿನೊಳಗಿನ ಮನೆಗಳಿಗೆ ವಿಳಾಸ ಅಂತ ಇರುವುದು ಅಂಚೆಯವನಿಗೆ ಮಾತ್ರ. 'ಚಿಕ್ಕಮ್ಮನ ಮನೆ ದಣಪೆ' ಎಂದು ಒತ್ತಿದರೆ ಇದು ದಣಪೆಯ, ಅಂದರೆ ಬೇಲಿಯ ಬಾಗಿಲಿನ, ಎದುರಿಗೇ ತಂದು ನಿಲ್ಲಿಸುತ್ತದೆ. ಅಪ್ಪಯ್ಯನಿಗೆ ಈಗ 78. ಕಾರು ಓಡಿಸುವುದಿಲ್ಲ, ಪಕ್ಕದ ಸೀಟಿನಲ್ಲಿ ಕೂತು ಜಿಪಿಎಸ್ ಹೇಳಿದ್ದು ಸರಿಯೋ ತಪ್ಪೋ ಎಂದು ಮಾರ್ಕು ಹಾಕುತ್ತಾರೆ.

4.3 ಇಂಚಿನ ಪರದೆ, ಒತ್ತಿದರೆ ಮಾತ್ರ ಕೇಳುವ ಹಳೇ ಥರದ ಟಚ್, ಮಿನಿ ಯುಎಸ್‌ಬಿ ತೂತು. ಕಂಪನಿಯ ಹೆಸರು ಬೇಡ. ಹದಿಮೂರು ವರ್ಷ ದುಡಿದ ಯಂತ್ರದ ಮೇಲೆ ದೂರು ಹೇಳುವುದಕ್ಕೆ ನಾನು ಕೂತಿಲ್ಲ. ಇದರಲ್ಲಿ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನನ್ನವೇ.

ಜೂನ್ 9, 2024, ಭಾನುವಾರ: ರೋಗ ಏನೇನು

ತೋಟಕ್ಕೆ ಹೋಗಲಾರದಷ್ಟು ಮಳೆ. ಜಿಪಿಎಸ್ ತಂದು ಜಗಲಿಯ ಮೇಜಿನ ಮೇಲೆ ಇಟ್ಟೆ. ಇಟ್ಟ ಕೂಡಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆನ್ನಡಿ ಮಾಡಿ ಇಟ್ಟರೆ ಅದು ನೆಟ್ಟಗೆ ಕೂರುವುದಿಲ್ಲ. ಒಂದು ಮೂಲೆ ತಟ್ಟಿದರೆ ಬುಗುರಿಯ ಹಾಗೆ ಅರ್ಧ ಸುತ್ತು ತಿರುಗುತ್ತದೆ. ಬೆನ್ನು ಉಬ್ಬಿದೆ ಅಂದರೆ ಒಳಗಿನ ಬ್ಯಾಟರಿ ಉಬ್ಬಿದೆ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಗೆ ಹೋದವರು ಕಾರನ್ನು ಬಯಲಲ್ಲಿ ನಿಲ್ಲಿಸಿ, ಜಿಪಿಎಸ್ ಮುಂದಿನ ಗಾಜಿಗೇ ಅಂಟಿಕೊಂಡಿರುವಾಗ ಬೆಳಗಿನಿಂದ ಸಂಜೆವರೆಗೆ ಜಾತ್ರೆ ಸುತ್ತಿದ್ದೆವು. ಬಂದು ಮುಟ್ಟಿದರೆ ಕೈ ಸುಡುತ್ತಿತ್ತು. ಆವತ್ತೇ ಅದರ ಕಥೆ ಮುಗಿದಿತ್ತು, ನನಗೆ ಗೊತ್ತಾಗಿದ್ದು ಇವತ್ತು.

ಬೇರೆ ದೂರುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಂತಿ ತೆಗೆದರೆ ಆ ಕ್ಷಣವೇ ಆಫ್. ಸಂಕ್ರಾಂತಿಯ ಆಚೀಚೆಯಿಂದ 'ಉಪಗ್ರಹ ಹುಡುಕುತ್ತಿದೆ' ಎಂದು ತೋರಿಸುತ್ತಲೇ ಇರುತ್ತದೆ, ಒಮ್ಮೊಮ್ಮೆ ಹುಬ್ಬಳ್ಳಿ ಮುಟ್ಟುವವರೆಗೂ. ಚಾರ್ಜರಿನ ತುದಿ ಅಲುಗಾಡಿಸಿದರೆ ಮಾತ್ರ ಕರೆಂಟು. ಗಾಜಿಗೆ ಅಂಟಿಸುವ ಸಕ್ಷನ್ ಕಪ್ ಬೀಳುತ್ತದೆ. ಕೊನೆಯದಕ್ಕೆ ಒಂದು ಅಡಿ ಗೆರೆ ಎಳೆದೆ, ಯಾಕೆಂದರೆ ಹೋದ ವಾರ ದೇವಿಮನೆ ಘಾಟಿಯ ತಿರುವಿನಲ್ಲಿ ಅದು ಕಳಚಿ ಬಿದ್ದು ಬ್ರೇಕ್ ಪೆಡಲಿನ ಹಿಂದೆ ಹೋಗಿ ಕೂತಿತ್ತು. ಕಾಲಲ್ಲೇ ಸರಿಸಿದೆ. ಅಪ್ಪಯ್ಯ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಜೂನ್ 10: ಬಿಚ್ಚುವ ಮೊದಲು ಕಾಪಿ

ಉಪಗ್ರಹ ಸಿಗದಿದ್ದರೆ ಪೂರ್ತಿ ರೀಸೆಟ್ ಮಾಡಿ ನೋಡಿ ಎಂದು ಯಾರೋ ಎಲ್ಲೋ ಬರೆದದ್ದನ್ನು ಓದಿ, ಅದನ್ನೇ ಮಾಡಲು ಕೂತಿದ್ದೆ. ಮಗಳು ಹಿಂದಿನಿಂದ, "ಅಪ್ಪಾ, ಅಜ್ಜನ ಜಾಗ ಎಲ್ಲ ಅಳಿಸಿ ಹೋಗೋಲ್ವಾ?" ಅಂದಳು. ಹೋಗುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ.

ಕಂಪ್ಯೂಟರಿಗೆ ಸಿಕ್ಕಿಸಿದರೆ ಏನೂ ಕಾಣಲಿಲ್ಲ. ಯುಎಸ್‌ಬಿ ತೂತೇ ಸತ್ತಿದೆ ಎಂದು ಒಂದು ತಾಸು ಒದ್ದಾಡಿ, ಹಲ್ಲುಜ್ಜುವ ಹಳೇ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿದೆ. ಸ್ವಲ್ಪ ಹಸಿರು ಕಿಲುಬು ಬಂತು, ಫಲ ಬರಲಿಲ್ಲ. ತಪ್ಪು ತಂತಿಯದ್ದು. ಡ್ರಾಯರಿನಲ್ಲಿ ಮೂರು ಮಿನಿ ಯುಎಸ್‌ಬಿ ತಂತಿ ಇದ್ದವು, ಅದರಲ್ಲಿ ಎರಡು ಬರೀ ಚಾರ್ಜಿನವು. ಅವುಗಳ ಒಳಗೆ ಡೇಟಾದ ಎಳೆಯೇ ಇರುವುದಿಲ್ಲ. ಹಳೇ ಕ್ಯಾಮೆರಾದ ಜೊತೆ ಬಂದಿದ್ದ ಮೂರನೆಯದನ್ನು ಹಾಕಿದ ಕೂಡಲೇ ಪೆನ್ ಡ್ರೈವ್ ಥರ ತೆರೆದುಕೊಂಡಿತು.

ಒಳಗಿದ್ದದ್ದನ್ನೆಲ್ಲ ಒಂದು ಫೋಲ್ಡರಿಗೆ ಹಾಗೇ ಎಳೆದು ಹಾಕಿದೆ. ಗುರುತಿನ ಜಾಗಗಳೆಲ್ಲ ಒಂದೇ ಜಿಪಿಎಕ್ಸ್ ಫೈಲಿನಲ್ಲಿ ಇರುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು: ಅಕ್ಷಾಂಶ, ರೇಖಾಂಶ, ಅಪ್ಪಯ್ಯ ಕೊಟ್ಟ ಹೆಸರು. 'ಸಂಕ ದಾಟಿ ಎಡಕ್ಕೆ' (ಸಂಕ ಅಂದರೆ ಹಳ್ಳದ ಮೇಲಿನ ಕಾಲುಸೇತುವೆ), 'ಇಲ್ಲಿ ಟಯರ್ ಪಂಚರ್ ಆಗಿತ್ತು'. ಇನ್ನೊಂದಕ್ಕೆ ಬರೀ 'ಬೇಡ' ಎಂದು ಹೆಸರಿಟ್ಟಿದ್ದರು. ಕೇಳಿದರೆ, "ಅದು ಜಾಗದ ಮಾತು, ನಿನಗ್ಯಾಕೆ" ಅಂದರು. ಫೈಲನ್ನು ನನ್ನ ಮೇಲ್‌ಗೂ ಕಳಿಸಿಕೊಂಡೆ.

ಫೈಲಿನ ತಾರೀಕು 25 ಅಕ್ಟೋಬರ್ 2004 ಎಂದಿತ್ತು. ಕಂಪ್ಯೂಟರಿನದೇ ಏನೋ ಗೊಂದಲ ಎಂದುಕೊಂಡು ಮುಂದೆ ಹೋದೆ. ಇದಕ್ಕೆ ಮತ್ತೆ ಬರುತ್ತೇನೆ.

ಜೂನ್ 12: ಬಿಚ್ಚಿದ್ದು, ಎರಡು ಹಾಳು ಮಾಡಿದ್ದು

ಹಿಂದೆ ನಾಲ್ಕು ಸ್ಕ್ರೂ. ನಾವು ಸ್ಟಾರ್ ಎನ್ನುವ ನಾಲ್ಕು ಮೂಲೆಯದಲ್ಲ, ಆರು ಮೂಲೆಯದು, ಅಳತೆ ಟಿ5. ನನ್ನ ಹತ್ತಿರ ಇರಲಿಲ್ಲ. ವಾಚ್ ರಿಪೇರಿಯ ಚಪ್ಪಟೆ ಡ್ರೈವರ್ ಸಿಕ್ಕಿಸಿ ತಿರುಗಿಸಿದೆ. ಮೂರು ಬಂದವು, ನಾಲ್ಕನೆಯದರ ತಲೆ ಸವೆದು ಗುಂಡಗಾಯಿತು. ಆಮೇಲೆ ಪೇಟೆಗೆ ಹೋಗಿ 180 ರೂಪಾಯಿಗೆ ಡ್ರೈವರ್ ಸೆಟ್ ತಂದೆ. ಸವೆದ ತಲೆಗೆ ರಬ್ಬರ್ ಬ್ಯಾಂಡಿನ ಚೂರು ಇಟ್ಟು ಟಿ5 ಒತ್ತಿ ತಿರುಗಿಸಿದಾಗ ಬಂತು. ಬೆಳಗ್ಗೆಯೇ ತಂದಿದ್ದರೆ ಹತ್ತು ನಿಮಿಷದ ಕೆಲಸ.

ಸ್ಕ್ರೂ ತೆಗೆದ ಮೇಲೆ ಅಂಚಿನ ಸುತ್ತ ಕೊಕ್ಕೆಗಳಿವೆ. ಹಳೇ ಪ್ಲಾಸ್ಟಿಕ್ ಕಾರ್ಡು ತೂರಿಸಿ ಸುತ್ತು ಹೊಡೆದೆ, ಟಕ್ ಟಕ್ ಎಂದು ಬಿಟ್ಟುಕೊಂಡಿತು. ಲೋಹದ ಚೂಪು ವಸ್ತು ಮಾತ್ರ ಬೇಡ, ಉಬ್ಬಿದ ಲಿಥಿಯಂ ಬ್ಯಾಟರಿ ಚುಚ್ಚಿಕೊಂಡರೆ ಬೆಂಕಿ. ಎಲ್ಲವನ್ನೂ ಅಂಗಳದ ಕಟ್ಟೆಯ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಂಡೇ ಮಾಡಿದ್ದು.

ಹಿಂಭಾಗ ಎತ್ತುವಾಗ ಒಳಗೆ ಪರದೆಯಿಂದ ಬೋರ್ಡಿಗೆ ಹೋಗುವ ಟಚ್‌ನ ರಿಬ್ಬನ್ ಕೇಬಲ್ ಇದೆ ಎಂಬುದು ಗೊತ್ತಿರಲಿಲ್ಲ. ಪುಸ್ತಕ ತೆರೆದ ಹಾಗೆ ತೆರೆದೆ. ರಿಬ್ಬನ್ ಹರಿಯಲಿಲ್ಲ, ಪುಣ್ಯ. ಆದರೆ ಅದನ್ನು ಹಿಡಿದಿದ್ದ ಉಗುರಿನ ಚೂರಿನಷ್ಟು ಕರಿ ಲಾಕ್ ಮುರಿದು ಎಲ್ಲೋ ಹಾರಿತು. ಅಂಗಳದ ಕಲ್ಲಿನ ಸಂದಿಯಲ್ಲಿ ಮಗಳೂ ನಾನೂ ಅರ್ಧ ತಾಸು ಹುಡುಕಿದೆವು. ಸಿಗಲಿಲ್ಲ. ಕೊನೆಗೆ ಲಗ್ನಪತ್ರಿಕೆಯ ದಪ್ಪ ಕಾಗದದಿಂದ 3 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ರಿಬ್ಬನ್ನಿನ ಬೆನ್ನಿಗೆ ಬೆಣೆಯ ಹಾಗೆ ತುರುಕಿ, ಮೇಲೆ ಬಿಸಿ ತಡೆಯುವ ಹಳದಿ ಟೇಪ್ ಹಾಕಿದೆ. ಇವತ್ತಿಗೂ ಅದೇ ಹಿಡಿದು ನಿಂತಿದೆ.

ಬ್ಯಾಟರಿಯನ್ನು ಡಬಲ್ ಟೇಪಿನಿಂದ ಅಂಟಿಸಿದ್ದರು. ಕಿತ್ತರೆ ಬಾಗುತ್ತದೆ, ಬಾಗಬಾರದು. ಹೊಲಿಗೆ ದಾರವನ್ನು ಎರಡೆಳೆ ಮಾಡಿ ಕೆಳಗೆ ತೂರಿಸಿ, ಗರಗಸದ ಹಾಗೆ ಎಳೆದೆಳೆದು ಬಿಡಿಸಿದೆ. ಹೊಸದಾಗಿದ್ದಾಗ 5 ಮಿಲಿಮೀಟರ್ ಇರಬೇಕಾದದ್ದು ನಡುವೆ 9 ಆಗಿತ್ತು. ತಗಡಿನ ಡಬ್ಬಿಯಲ್ಲಿ ಮರಳಿನೊಳಗೆ ಹುಗಿದು, ಕೊಟ್ಟಿಗೆಯಿಂದ ದೂರ, ತೆಂಗಿನ ಬುಡದಲ್ಲಿ ತಗಡು ಮುಚ್ಚಿ ಇಟ್ಟೆ. ಆಮೇಲೆ ಹುಬ್ಬಳ್ಳಿಗೆ ಹೋದಾಗ ಹಳೇ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟು ಬಂದೆ. ಕಸದ ಗುಂಡಿಗೆ ಎಸೆಯಲು ಧೈರ್ಯ ಬರಲಿಲ್ಲ, ಎಸೆಯಲೂಬಾರದು.

ಇಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ತೆರೆದದ್ದೇ ತೆರೆದಿದ್ದೇನೆ, ಉಪಗ್ರಹದ್ದೂ ನೋಡಿಬಿಡೋಣ ಎಂದು ಆಂಟೆನಾಕ್ಕೆ ಕೈ ಹಾಕಿದೆ. ಬಿಸ್ಕತ್ತಿನ ತುಂಡಿನ ಹಾಗಿರುವ ಚೌಕ ಸೆರಾಮಿಕ್. ಅದರ ಸುತ್ತಲಿನ ಟೇಪ್ ಎಬ್ಬಿಸಿ, ಸ್ಪ್ರಿಂಗಿನ ಥರದ ಸಂಪರ್ಕದ ಕಡ್ಡಿಯನ್ನು ಚಿಮಟದಿಂದ ಎತ್ತಿ, ತಿಕ್ಕಿ, ಮತ್ತೆ ಕೂರಿಸಿದೆ. ಯಾವ ಅಗತ್ಯವೂ ಇರಲಿಲ್ಲ ಎಂಬುದು ಹತ್ತು ದಿನದ ನಂತರ ಗೊತ್ತಾಯಿತು.

ಜೂನ್ 15ರಿಂದ 20: ಬ್ಯಾಟರಿ, ಎರಡು ಸಲ

ಹಳೆಯದರ ಮೇಲೆ 3.7 ವೋಲ್ಟ್, 1250 ಎಂಎಎಚ್ ಎಂದಿತ್ತು. ಅದೇ ಅಳತೆಯದನ್ನು ಪೇಟೆಯ ಮೊಬೈಲ್ ರಿಪೇರಿಯವನ ಹತ್ತಿರ 350ಕ್ಕೆ ತಂದೆ. ಉದ್ದ, ಅಗಲ, ದಪ್ಪ ಎಲ್ಲ ಸರಿ. ಮನೆಗೆ ಬಂದು ನೋಡಿದರೆ ಇದಕ್ಕೆ ಎರಡೇ ತಂತಿ, ಹಳೆಯದಕ್ಕೆ ಮೂರು. ಕೆಂಪು, ಕಪ್ಪು, ಮತ್ತೊಂದು ಬಿಳಿ.

ಕೆಂಪು ಕಪ್ಪು ಜೋಡಿಸಿ ಚಾರ್ಜಿಗೆ ಹಾಕಿದೆ. ಯಂತ್ರ ಆನ್ ಆಯಿತು, ಆದರೆ ಬ್ಯಾಟರಿ ಚಿತ್ರದ ಮೇಲೆ ಮಿಂಚಿನ ಗುರುತು ಬರಲೇ ಇಲ್ಲ. ರಾತ್ರಿಯಿಡೀ ಇಟ್ಟರೂ ಒಂದು ಗೆರೆ ಏರಲಿಲ್ಲ. ಬಿಳಿ ತಂತಿ ಬಿಸಿ ಅಳೆಯುವುದು. ಬ್ಯಾಟರಿ ಎಷ್ಟು ಕಾದಿದೆ ಎಂದು ಗೊತ್ತಾಗದಿದ್ದರೆ ಯಂತ್ರ ಚಾರ್ಜ್ ಮಾಡುವುದಿಲ್ಲ.

ಇಲ್ಲೊಂದು ಅಡ್ಡದಾರಿ ಇದೆ, ನಾನು ಹಿಡಿದೆ. 10 ಕಿಲೋ ಓಮ್‌ನ ಒಂದು ರೆಸಿಸ್ಟರನ್ನು ಬಿಳಿ ತಂತಿಯ ಜಾಗಕ್ಕೂ ಕಪ್ಪಿಗೂ ನಡುವೆ ಬೆಸೆದೆ, ಬ್ಯಾಟರಿ ಸದಾ ತಣ್ಣಗಿದೆ ಎಂದು ಯಂತ್ರ ನಂಬಲಿ ಎಂದು. ಮಿಂಚಿನ ಗುರುತು ಕೂಡಲೇ ಬಂತು. ಖುಷಿಯಲ್ಲಿ ಚಾ ಕುಡಿಯಲು ಒಳಗೆ ಹೋದವನು ಅರ್ಧ ಲೋಟ ಕುಡಿಯುವಷ್ಟರಲ್ಲಿ ವಾಪಸು ಬಂದು ಕಿತ್ತು ಹಾಕಿದೆ. ಬಿಸಿಗೆ ಉಬ್ಬಿದ ಬ್ಯಾಟರಿ ಬದಲಿಸುತ್ತಾ, ಬಿಸಿ ಅಳೆಯುವ ಕಣ್ಣಿಗೇ ಬಟ್ಟೆ ಕಟ್ಟುತ್ತಿದ್ದೇನಲ್ಲ. ಅದೇ ಕಾರು, ಅದೇ ಬಿಸಿಲು. 350 ರೂಪಾಯಿ ದಂಡ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಫೋಟೋ ಕಳಿಸಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಮೂರು ತಂತಿಯದ್ದೇ ನೋಡು ಎಂದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತಂತೆ. "ಮಾವ, ತಂತಿ ಬಣ್ಣದ ಸಾಲು ಬೇರೆ ಇದೆ, ನೋಡ್ಕೊಂಡು ಹಾಕು" ಎಂದು ಮೊದಲೇ ಎಚ್ಚರಿಸಿದ. 620 ರೂಪಾಯಿ, ಕೊರಿಯರ್ 90.

ಅವನು ಹೇಳಿದ್ದು ಸರಿ. ಹಳೆಯದು ಕೆಂಪು–ಬಿಳಿ–ಕಪ್ಪು, ಹೊಸದು ಕೆಂಪು–ಕಪ್ಪು–ಬಿಳಿ. ಹಾಗೇ ಚುಚ್ಚಿದ್ದರೆ ಬೋರ್ಡು ಹೋಗುತ್ತಿತ್ತೋ ಏನೋ. ಮಲ್ಟಿಮೀಟರ್ ಹಿಡಿದೆ: ಕೆಂಪು ಕಪ್ಪಿನ ನಡುವೆ 3.82 ವೋಲ್ಟ್. ಬಿಳಿ ಕಪ್ಪಿನ ನಡುವೆ ಹತ್ತು ಕಿಲೋ ಓಮ್‌ನ ಆಸುಪಾಸು. ಬ್ಯಾಟರಿಯನ್ನು ಅಂಗೈ ನಡುವೆ ಮೆಲ್ಲಗೆ ಹಿಡಿದರೆ ಆ ಅಂಕಿ ಒಂಬತ್ತೂವರೆ, ಒಂಬತ್ತು, ಎಂಟೂ ಮುಕ್ಕಾಲು ಎಂದು ಇಳಿಯುತ್ತಾ ಹೋಯಿತು. ಕೈ ಬಿಟ್ಟರೆ ಏರಿತು. ಮಗಳು ಇದನ್ನು ನಾಲ್ಕು ಸಲ ಮಾಡಿ ನೋಡಿದಳು.

ಕನೆಕ್ಟರಿನಿಂದ ತಂತಿಯ ತುದಿ ತೆಗೆಯಲು ಕತ್ತರಿಸಬೇಕಿಲ್ಲ. ಪ್ರತಿ ತೂತಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆ ಇರುತ್ತದೆ, ಗುಂಡುಸೂಜಿಯಿಂದ ಅದನ್ನು ಎತ್ತಿ ತಂತಿ ಎಳೆದರೆ ಜಾರಿ ಬರುತ್ತದೆ. ಬಿಳಿ ಕಪ್ಪು ಅದಲುಬದಲು ಮಾಡಿದೆ. ಒಂದು ಹೊತ್ತಿಗೆ ಒಂದೇ ತಂತಿ ಹೊರಗಿರಲಿ. ಬರಿಯ ತುದಿಗಳು ಒಂದಕ್ಕೊಂದು ತಾಗಿದರೆ ಕಿಡಿ. ಬ್ಯಾಟರಿ ಕೂರಿಸಲು 60 ರೂಪಾಯಿಯ ಡಬಲ್ ಟೇಪ್ ತಂದು, ಉದ್ದ ಪಟ್ಟಿ ಹಾಕದೆ ಎರಡು ಚೂರು ಮಾತ್ರ ಹಾಕಿದ್ದೇನೆ, ಮುಂದಿನ ಸಲ ಬಿಡಿಸುವವರಿಗೆ ಸುಲಭವಾಗಲಿ ಎಂದು.

ಮುಚ್ಚಿದ ಮೇಲೆ ಟಚ್ ಒಂದು ಬೆರಳಿನಷ್ಟು ಪಕ್ಕಕ್ಕೆ ಬೀಳುತ್ತಿತ್ತು. 'ಹೌದು' ಒತ್ತಿದರೆ 'ಇಲ್ಲ'. ಪರದೆಯ ಮೇಲೆ ಬೆರಳು ಒತ್ತಿ ಹಿಡಿದೇ ಆನ್ ಮಾಡಿದರೆ ನನ್ನ ಯಂತ್ರ ಸರಿಪಡಿಸುವ ಪುಟಕ್ಕೆ ಹೋಗುತ್ತದೆ, ಅಲ್ಲಿ ಬರುವ ಚುಕ್ಕಿಗಳನ್ನು ಒಂದೊಂದಾಗಿ ಒತ್ತಬೇಕು. ಬೆರಳಿಗಿಂತ ಪೆನ್ನಿನ ಮುಚ್ಚಳದ ಮೊಂಡು ತುದಿ ವಾಸಿ.

ಜೂನ್ 22: ಉಪಗ್ರಹ ಎಲ್ಲಿ ಹೋದವು

ಬ್ಯಾಟರಿ ಹೊಸದು, ಆಂಟೆನಾ ತಿಕ್ಕಿದ್ದೇನೆ, ಕಾರಿನಲ್ಲಿ ಇಟ್ಟರೆ ಮತ್ತೆ ಅದೇ ಹುಡುಕಾಟ. ಪಕ್ಕದ ಮನೆಯವರು ಬಂದು, "ಮಳೆಗಾಲದ ಮೋಡ ಮಾರಾಯ್ರೆ, ಅದೆಲ್ಲಿ ಸಿಗ್ತದೆ" ಎಂದರು. ನಾನೂ ಒಂದು ದಿನ ಹಾಗೇ ನಂಬಿದ್ದೆ. ಮೋಡ, ಮಳೆ ಜಿಪಿಎಸ್ಸನ್ನು ತಡೆಯುವುದಿಲ್ಲ. ತಡೆಯುವುದು ಗುಡ್ಡ, ತಗಡಿನ ಮಾಡು, ಒದ್ದೆಯಾದ ದಟ್ಟ ಮರ.

ಪರೀಕ್ಷೆಗೆ ಅಂಗಳದ ನಡುವೆ ಸ್ಟೂಲು ಇಟ್ಟು, ಜಿಪಿಎಸ್ಸನ್ನು ಪಾರದರ್ಶಕ ಡಬ್ಬಿಯೊಳಗೆ ಹಾಕಿ, ಸುರಿಯುವ ಮಳೆಯಲ್ಲೇ ಬಿಟ್ಟೆ. ತುಂಬಾ ದಿನ ಸತ್ತುಬಿದ್ದ ಯಂತ್ರಕ್ಕೆ ಮೊದಲ ಸಲ ಸಮಯ ಕೊಡಬೇಕು. ಉಪಗ್ರಹಗಳ ಪೂರ್ತಿ ವೇಳಾಪಟ್ಟಿ ಇಳಿಯಲಿಕ್ಕೇ ಹನ್ನೆರಡೂವರೆ ನಿಮಿಷ ಬೇಕು, ಅಷ್ಟು ಹೊತ್ತು ಅಲುಗಾಡದೆ ಆಕಾಶ ನೋಡುತ್ತಿದ್ದರೆ ಒಳ್ಳೆಯದು. ನಾವು ಕಾರು ಚಾಲೂ ಮಾಡಿ, ಮರದಡಿಯ ರಸ್ತೆಯಲ್ಲಿ ಓಡಿಸುತ್ತಾ 'ಇನ್ನೂ ಸಿಕ್ಕಿಲ್ಲ' ಎಂದು ಬೈಯುತ್ತೇವೆ.

ಹದಿನಾರನೇ ನಿಮಿಷಕ್ಕೆ ಪರದೆಯ ಮೇಲೆ ಒಂಬತ್ತು ಕಂಬ ಎದ್ದು ನಿಂತವು, ಉಪಗ್ರಹಕ್ಕೊಂದು. ಹಾಗಾದರೆ ಆಂಟೆನಾದಲ್ಲಿ ದೋಷವೇ ಇರಲಿಲ್ಲ.

ಅದನ್ನೇ ಹಿಡಿದುಕೊಂಡು ಹೋಗಿ ಕಾರಿನೊಳಗೆ ಕೂತೆ. ಏಳು ಕಂಬ ಉಳಿದವು. ಕೀಲಿ ತಿರುಗಿಸಿದೆ. ಏಳು, ಐದು, ಎರಡು, ಸೊನ್ನೆ. ಕಣ್ಣೆದುರೇ, ದೀಪ ಆರಿಸಿದ ಹಾಗೆ. ಕೀಲಿ ತೆಗೆದೆ, ಒಂದು ನಿಮಿಷದಲ್ಲಿ ಎಲ್ಲ ವಾಪಸು.

ಕೀಲಿ ತಿರುಗಿಸಿದಾಗ ಏನೇನು ಚಾಲೂ ಆಗುತ್ತದೆ? ರೇಡಿಯೋ ಆಫ್ ಮಾಡಿದೆ, ಬದಲಾಗಲಿಲ್ಲ. ಫ್ಯಾನು, ಅದೂ ಅಲ್ಲ. ಕನ್ನಡಿಯ ಹಿಂದಿನ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯ ವಿಡಿಯೋ ಹಿಡಿಯುವ ಕ್ಯಾಮೆರಾ, ಅದರ ಪ್ಲಗ್ ಕಿತ್ತೆ. ಕಂಬಗಳು ಎದ್ದವು. ಡ್ಯಾಶ್‌ಕ್ಯಾಮಿನ ಬಿಲ್ ಹುಡುಕಿ ನೋಡಿದರೆ ಜನವರಿ 11. ಸಂಕ್ರಾಂತಿಯ ಆಚೀಚೆ ಎಂದು ನಾನೇ ಬರೆದುಕೊಂಡಿದ್ದೆ, ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯನಿಗೆ ಹೇಳಿದೆ. "ಹೊರಗೆ ನೋಡುವುದು ಬಿಟ್ಟು ಅದರ ಹೊಟ್ಟೆ ಕೊಯ್ದೆಯಲ್ಲೋ" ಎಂದರು.

ತಪ್ಪು ಕ್ಯಾಮೆರಾದ್ದೋ, ಅದರ ಚಾರ್ಜರಿನದ್ದೋ? ಕ್ಯಾಮೆರಾವನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ಆರು ಕಂಬ ಉಳಿದವು. ಅಂದರೆ ಮುಖ್ಯ ಕಳ್ಳ ಸಿಗರೇಟ್ ಲೈಟರ್ ತೂತಿಗೆ ಹಾಕುವ ಅಗ್ಗದ ಅಡಾಪ್ಟರ್. 12 ವೋಲ್ಟನ್ನು 5 ಮಾಡುವ ಭರದಲ್ಲಿ ಸುತ್ತೆಲ್ಲ ರೇಡಿಯೋ ಗದ್ದಲ ಎಬ್ಬಿಸುತ್ತಿತ್ತು. ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬರುವ ಪಿಸುಮಾತು ಆ ಗಲಾಟೆಯಲ್ಲಿ ಕೇಳುವುದಾದರೂ ಹೇಗೆ. ಕ್ಯಾಮೆರಾದಿಂದಲೂ ಸ್ವಲ್ಪ ಬರುತ್ತಿತ್ತು.

ಗದ್ದಲ ತಗ್ಗಿಸಲು ತಂತಿಗೆ ಹಾಕುವ ಫೆರೈಟ್ ಕ್ಲಿಪ್ ಎರಡು ತಂದೆ, 80 ರೂಪಾಯಿ. ಸೊನ್ನೆ ಇದ್ದದ್ದು ಎರಡು ಮೂರು ಕಂಬ ಆಯಿತು, ಸಾಲದು. ಅಡಾಪ್ಟರನ್ನೇ ಬದಲಿಸಿದೆ, 450 ರೂಪಾಯಿ. ಆರು ಕಂಬ. ಜಿಪಿಎಸ್ಸನ್ನು ಕನ್ನಡಿಯ ಕೆಳಗಿನಿಂದ ಚಾಲಕನ ಬಲಗಡೆ ಮೂಲೆಗೆ, ಕ್ಯಾಮೆರಾದಿಂದ ಸುಮಾರು 60 ಸೆಂಟಿಮೀಟರ್ ದೂರಕ್ಕೆ ಸರಿಸಿದ ಮೇಲೆ ಎಂಟು. ಫೆರೈಟ್ ಕ್ಲಿಪ್ ತೆಗೆಯಲಿಲ್ಲ, ದುಡ್ಡು ಕೊಟ್ಟಾಗಿದೆ.

ಜೂನ್ 24: ಚಾರ್ಜರ್ ತಂತಿ

ಮೂಲ ಚಾರ್ಜರಿನ ತಲೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ 2 ಆಂಪಿಯರಿನ ಗಾಜಿನ ಫ್ಯೂಸ್, ಸ್ಪ್ರಿಂಗು, ಲೋಹದ ಮೂತಿ. ಫ್ಯೂಸ್ ಸರಿಯಿತ್ತು, ಸ್ಪ್ರಿಂಗಿಗೆ ತುಕ್ಕು. ಉಪ್ಪುಕಾಗದದಲ್ಲಿ ತಿಕ್ಕಿ ಎಳೆದು ಉದ್ದ ಮಾಡಿದೆ. ಅದು ಸರಿಯಾಯಿತು. ಇನ್ನೊಂದು ತುದಿಯಲ್ಲಿ, ಮಿನಿ ಯುಎಸ್‌ಬಿ ಪ್ಲಗ್ಗಿನ ಕುತ್ತಿಗೆಯಲ್ಲಿ ತಂತಿ ಒಳಗೇ ತುಂಡಾಗಿತ್ತು.

ಮಾಮೂಲಿ ಡೇಟಾ ತಂತಿ ಹಾಕಿದರೆ ಆಗುವುದಿಲ್ಲವೇ? ಹಾಕಿ ನೋಡಿದೆ. ನಕ್ಷೆ ಮಾಯವಾಗಿ ಪರದೆಯ ಮೇಲೆ ಕಂಪ್ಯೂಟರಿನ ಚಿತ್ರ ಬಂತು. ತಾನು ಕಂಪ್ಯೂಟರಿಗೆ ಅಂಟಿಕೊಂಡಿದ್ದೇನೆ ಎಂದು ಅದು ತಿಳಿಯುತ್ತದೆ. ಮಿನಿ ಯುಎಸ್‌ಬಿಯಲ್ಲಿ ಐದು ಪಿನ್ನು. ನಾಲ್ಕನೆಯದು ಐದನೆಯದಕ್ಕೆ, ಅಂದರೆ ನೆಗೆಟಿವ್‌ಗೆ, 18 ಕಿಲೋ ಓಮ್ ಮೂಲಕ ಸೇರಿದ್ದರೆ ನನ್ನ ಯಂತ್ರಕ್ಕೆ ಅದು ಕಾರಿನ ಚಾರ್ಜರ್ ಎಂಬ ಗುರುತು. ಎಲ್ಲ ಕಂಪನಿಯವಕ್ಕೂ ಇದೇ ಲೆಕ್ಕವಲ್ಲ. ನಿಮ್ಮ ಹಳೇ ಪ್ಲಗ್ ಕೊಯ್ದು ಅಳೆದು ನೋಡಿ.

ಅಂಗಡಿಯಲ್ಲಿ 18 ಇರಲಿಲ್ಲ. 15 ಮತ್ತು 3.3ರ ಎರಡು ರೆಸಿಸ್ಟರನ್ನು ಸಾಲಾಗಿ ಬೆಸೆದೆ, 18.3 ಬಂತು. ರೆಸಿಸ್ಟರಿಗೆ 5 ರೂಪಾಯಿ, ಪ್ಲಗ್ಗಿಗೆ 25. ಪಿನ್ನುಗಳ ನಡುವಿನ ಅಂತರ 0.8 ಮಿಲಿಮೀಟರ್. ಕನ್ನಡಕದ ಮೇಲೆ ಅಪ್ಪಯ್ಯನ ಭೂತಗನ್ನಡಿಯನ್ನೂ ಹಿಡಿದು ಬೆಸೆಯಬೇಕಾಯಿತು.

ಮೊದಲ ಸಲ ತಿರುವುಮುರುವಾಗಿತ್ತು. ಪ್ಲಗ್ಗಿನ ಮುಂದಿನಿಂದ ಎಣಿಸಿದ ಪಿನ್ನನ್ನು ಹಿಂದಿನಿಂದ ಬೆಸೆಯುವಾಗ ಎಡ ಬಲವಾಗುತ್ತದೆ, ನೆನಪಿರಲಿಲ್ಲ. ಯಂತ್ರಕ್ಕೆ ಚುಚ್ಚುವ ಮೊದಲು ಮೀಟರ್ ಹಿಡಿದದ್ದರಿಂದ ಬಚಾವು. ಒಂದನೇ ಪಿನ್ನಿನಲ್ಲಿ ಇರಬೇಕಾದ 5 ವೋಲ್ಟ್ ಐದನೆಯದರಲ್ಲಿತ್ತು. ಕಿತ್ತು ಮತ್ತೆ ಬೆಸೆದೆ. ಬೆಸುಗೆಯ ಮೇಲೆ ಬಿಸಿ ಅಂಟು ಸುರಿದು, ಕುತ್ತಿಗೆಗೆ ಸೈಕಲ್ ಟ್ಯೂಬಿನ ಚೂರು ಸುತ್ತಿದ್ದೇನೆ. ನೋಡಲು ಚೆಂದವಿಲ್ಲ.

ಒಂದು ರೂಢಿ ಬದಲಿಸಿಕೊಂಡೆ. ಮೊದಲು ಎಂಜಿನ್ ಚಾಲೂ, ಆಮೇಲೆ ಜಿಪಿಎಸ್ ಪ್ಲಗ್. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಮತ್ತೆ ಏರುವ ಆ ಹೊಡೆತ ಹಳೇ ಯಂತ್ರಕ್ಕೆ ಯಾಕೆ ಬೇಕು.

ಜೂನ್ 29, 30: ಗಾಜಿಗೆ ಅಂಟುವುದು, ಮತ್ತು 2004

ಸಕ್ಷನ್ ಕಪ್ಪಿಗೆ ಕೊಬ್ಬರಿ ಎಣ್ಣೆ ಸವರಿ ಎಂದು ಸಲಹೆ ಕೊಟ್ಟವರು ನಮ್ಮ ಬಳಗದವರೇ. ಸವರಿದೆ. ಹತ್ತು ನಿಮಿಷ ಗಟ್ಟಿಯಾಗಿ ನಿಂತು, ಆಮೇಲೆ ಗಾಜಿನ ಮೇಲೆ ಬಸವನಹುಳುವಿನ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಗಾಜಿನ ಮೇಲಿನ ಎಣ್ಣೆಯ ದಾರಿಯನ್ನು ಒರೆಸಲು ಅರ್ಧ ದಿನ.

ಕೆಲಸಕ್ಕೆ ಬಂದದ್ದು ಇದು: ಕಪ್ಪನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಕನ್ನಡಿಯ ಚೂರಿನ ಮೇಲೆ ಮಗುಚಿ, ಮೇಲೆ ನಿಘಂಟು ಹೇರಿ ರಾತ್ರಿ ಬಿಟ್ಟೆ. ಅಂಚಿನ ಸುರುಳಿ ಹೋಯಿತು. ಗಾಜಿನ ಆ ಜಾಗವನ್ನೂ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಒತ್ತಿದೆ. ಎರಡು ದಿನ ನಿಂತಿತು. ಮೂರನೇ ದಿನ ಮಳೆಯಲ್ಲಿ ಎಸಿ ಹಾಕಿದಾಗ ಗಾಜು ಬೆವರಿತು, ಬಿತ್ತು. ರಬ್ಬರಿಗೆ ವಯಸ್ಸಾಗಿದೆ. ಬ್ರೇಕ್ ಪೆಡಲಿನ ನೆನಪು ಹಸಿಯಾಗಿತ್ತು, ಹಾಗಾಗಿ ಕಪ್ಪನ್ನೇ ಬಿಟ್ಟೆ.

ಮನೆಯಾಕೆ ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ 30 ಸೆಂಟಿಮೀಟರ್ ಉದ್ದ, 15 ಅಗಲದ ಚೀಲ ಹೊಲಿದು ಕೊಟ್ಟಳು. ಜರಡಿ ಹಿಡಿದು ಒಣಗಿಸಿದ ಮರಳು 900 ಗ್ರಾಂ ತುಂಬಿದೆ. ಅಡಿಗೆ ಟ್ಯೂಬಿನ ರಬ್ಬರು ಅಂಟಿಸಿದೆ, ಡ್ಯಾಶ್‌ಬೋರ್ಡ್ ಮೇಲೆ ಜಾರದಿರಲೆಂದು. ನಡುವೆ ಹಲಗೆಯ ಚೂರಿಗೆ ಹಳೇ ಸ್ಟ್ಯಾಂಡನ್ನು ಸ್ಕ್ರೂ ಹಾಕಿ ಕೂರಿಸಿದೆ. ಸ್ಟೀರಿಂಗಿನ ಬಲಕ್ಕೆ, ರಸ್ತೆಗೆ ಅಡ್ಡ ಬಾರದ ಹಾಗೆ ಇಟ್ಟಿದ್ದೇನೆ. ಎಡಗಡೆ ಏರ್‌ಬ್ಯಾಗ್ ಇರುವ ಕಾರಾದರೆ ಅದರ ಮುಚ್ಚಳದ ಮೇಲೆ ಇಂಥದ್ದನ್ನು ಇಡಲೇಬೇಡಿ, ಮರಳಿನ ಚೀಲ ಮುಖಕ್ಕೆ ಬರುತ್ತದೆ. ಇನ್ನೊಂದು ಅನುಕೂಲ: ಇಳಿಯುವಾಗ ಚೀಲ ಸಮೇತ ಎತ್ತಿ ಸೀಟಿನಡಿ ಇಡಬಹುದು. ಬಿಸಿಲೂ ಇಲ್ಲ, ಇಲ್ಲಿ ಜಿಪಿಎಸ್ ಇದೆ ಎಂದು ಕಳ್ಳನಿಗೆ ಹೇಳುವ ಗಾಜಿನ ಮೇಲಿನ ಉಂಗುರದ ಕಲೆಯೂ ಇಲ್ಲ.

29ರ ಸಂಜೆ ಬನವಾಸಿಯಿಂದ ಬರುವಾಗ ಇನ್ನೊಂದು ವಿಚಿತ್ರ. ಆರು ಗಂಟೆ ದಾಟಿದ್ದಷ್ಟೇ, ಹೊರಗೆ ಬೆಳಕು ಧಾರಾಳವಾಗಿದೆ, ಪರದೆ ತಟ್ಟನೆ ರಾತ್ರಿಯ ಕಪ್ಪು ಬಣ್ಣಕ್ಕೆ ತಿರುಗಿತು. ಅಕ್ಷರ ಕಾಣುವುದಿಲ್ಲ. ಬಿಚ್ಚುವಾಗ ಬೆಳಕಿನ ಸೆನ್ಸರ್ ಹಾಳು ಮಾಡಿದೆನೋ ಎಂದು ಹೆದರಿದೆ. ಈ ಮಾದರಿಯಲ್ಲಿ ಅಂಥ ಸೆನ್ಸರೇ ಇಲ್ಲ. ತಾರೀಕು ಮತ್ತು ಇರುವ ಜಾಗ ನೋಡಿ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂದು ತಾನೇ ಲೆಕ್ಕ ಹಾಕುತ್ತದೆ. ತಾರೀಕು ತೆರೆದು ನೋಡಿದರೆ 13 ನವೆಂಬರ್ 2004, ಶನಿವಾರ. ವಾರ ಸರಿಯಾಗಿದೆ! ನವೆಂಬರಿನಲ್ಲಿ ನಮ್ಮಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ ಏಳರ ಮೇಲೆ.

ಜೂನ್ 10ರಂದು ನಾನು ಕಂಪ್ಯೂಟರಿನ ತಲೆಗೆ ಕಟ್ಟಿದ್ದು ಇದನ್ನೇ. ಜಿಪಿಎಸ್ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ, 1024 ವಾರಕ್ಕೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ, ಕಾರಿನ ಮೀಟರ್ ತಿರುಗಿದ ಹಾಗೆ. ಹಾಗೆ ಎರಡನೇ ಸಲ ಆದದ್ದು 2019ರ ಏಪ್ರಿಲ್ 6ರ ಮಧ್ಯರಾತ್ರಿ, ನಮ್ಮಲ್ಲಿ 7ರ ಬೆಳಗಿನ ಜಾವ. ಆವತ್ತಿನಿಂದ ನಮ್ಮ ಡಬ್ಬಿ 1024 ವಾರ ಹಿಂದೆ ಬದುಕುತ್ತಿದೆ. ಐದು ವರ್ಷ ಯಾರೂ ನೋಡಿರಲಿಲ್ಲ. ಓಡಾಟದ ದಾಖಲೆಯ ಪ್ರಕಾರ ನಾವು 2004ರಲ್ಲಿ ಇದೇ ಕಾರಿನಲ್ಲಿ ದಾಂಡೇಲಿಗೆ ಹೋಗಿದ್ದೇವೆ. ಕಾರು ತಂದದ್ದು 2009ರಲ್ಲಿ.

ಈ ಮಾದರಿಗೆ ಹೊಸ ತಂತ್ರಾಂಶ ಬರುವುದು ನಿಂತಿದೆ. ಕೈಯಲ್ಲಿ ತಾರೀಕು ತಿದ್ದಲು ಜಾಗವೇ ಇಲ್ಲ. ಬಣ್ಣವನ್ನು 'ಯಾವಾಗಲೂ ಹಗಲು' ಎಂದು ಇಟ್ಟು, ರಾತ್ರಿ ಬೆಳಕು ಕಡಿಮೆ ಮಾಡಿಕೊಳ್ಳುತ್ತೇನೆ. ದಾರಿ ತೋರಿಸುವುದರಲ್ಲಿ ವ್ಯತ್ಯಾಸ ಕಂಡಿಲ್ಲ.

ಅದೇ ಕೂತಲ್ಲಿ ನಕ್ಷೆಯದ್ದೂ ಮುಗಿಸಿದೆ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಮಾಡಿದ ಉಚಿತ ನಕ್ಷೆ ಇಳಿಸಿ 64 ಜಿಬಿ ಕಾರ್ಡಿಗೆ ಹಾಕಿದರೆ ಯಂತ್ರಕ್ಕೆ ಕಾರ್ಡೇ ಕಾಣಲಿಲ್ಲ. ಮನೆಯಲ್ಲಿದ್ದ ಹಳೇ 8 ಜಿಬಿ ಕಾರ್ಡನ್ನು ಫ್ಯಾಟ್32 ಎಂಬ ಹಳೇ ಮಾದರಿಗೆ ಫಾರ್ಮ್ಯಾಟ್ ಮಾಡಿ ಹಾಕಿದೆ, ಕಂಡಿತು. ಹಳೇ ನಕ್ಷೆಯ ಟಿಕ್ ತೆಗೆಯದಿದ್ದರೆ ಒಂದರ ಮೇಲೊಂದು ಬಂದು ಹೊಸ ರಸ್ತೆ ಮುಚ್ಚಿಹೋಗುತ್ತದೆ.

ಜುಲೈ 7: ಕುಮಟಾಕ್ಕೆ ಹೋಗಿ ಬಂದದ್ದು

ಒಟ್ಟು ಖರ್ಚು 1860 ರೂಪಾಯಿ, ದಂಡದ 350 ಸೇರಿ. ದೇವಿಮನೆ ಘಾಟಿಯಲ್ಲಿ ಮರಳಿನ ಚೀಲ ಜರುಗಲಿಲ್ಲ. ತಿರುವುಗಳಲ್ಲಿ ಗುಡ್ಡ ಅಡ್ಡ ಬಂದಾಗ ಕಂಬ ನಾಲ್ಕಕ್ಕೆ ಇಳಿದದ್ದಿದೆ, ಸೊನ್ನೆಯಾಗಲಿಲ್ಲ. ಕುಮಟಾದಲ್ಲಿ ಊಟಕ್ಕೆ ನಿಲ್ಲಿಸಿದಾಗ ತಂತಿ ತೆಗೆದು ಸೀಟಿನಡಿ ಇಟ್ಟೆ. ಆನ್ ಇದ್ದದ್ದು ಆನ್ ಇತ್ತು, ಬ್ಯಾಟರಿ ಒಂದು ಗೆರೆ ಇಳಿದಿತ್ತು.

ಬಳಸದ ದಿನಗಳಿಗೆ ಹಾರ್ಲಿಕ್ಸ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತಿದ್ದೇನೆ, ಚಾರ್ಜ್ ಅರ್ಧದಷ್ಟು ಮಾಡಿ. ಹಿಂದೆ ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದೆ, ತೌಡಿನ ಪುಡಿ ಯುಎಸ್‌ಬಿ ತೂತು ತುಂಬಿತ್ತು. ಪರದೆ ಒರೆಸಲು ಗಾಜಿನ ನೀಲಿ ದ್ರವ ಮುಟ್ಟಿಸುತ್ತಿಲ್ಲ, ಕನ್ನಡಕದ ಬಟ್ಟೆಗೆ ಎರಡು ಹನಿ ನೀರು ಸಾಕು.

ವಾಪಸು ಬರುವಾಗ ಅಪ್ಪಯ್ಯ ಒಂದು ಕಡೆ ನಿಲ್ಲಿಸಲು ಹೇಳಿ, ಕಾಗದದ ಬೆಣೆಯ ಮೇಲೆ ನಿಂತಿರುವ ಆ ಟಚ್‌ನಲ್ಲಿ ತಾವೇ ಒತ್ತಿ ಒತ್ತಿ ಹೊಸ ಗುರುತು ಹಾಕಿದರು. ಗುಡ್ಡ ಕುಸಿದು ಅರ್ಧ ರಸ್ತೆ ಮುಚ್ಚಿದ ಜಾಗ. ಈಗ 144. ಹಾಕಿದ ತಾರೀಕು ಎಂದು ಅದರ ಕೆಳಗೆ ಬಿದ್ದಿರುವುದು 21 ನವೆಂಬರ್ 2004.